ಈಜು ಕಲಿಕೆ: ಆಸರೆ ಎಲ್ಲಿಯವರೆಗೆ?

ನಮ್ಮ ಹಳ್ಳಿಗಳಲ್ಲಿ ಹಿರಿಯರು ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುತ್ತಿದ್ದರು. ಇಂದು ಖಾಲಿ ಪ್ಲಾಸ್ಟಿಕ್ ಡಬ್ಬಿ, ವಾಹನದ ಟ್ಯೂಬು, ಗಾಳಿ ತುಂಬಿದ ತೋಳುಪಟ್ಟಿ, ಈಜುಹಲಗೆಗಳು ಆ ಸ್ಥಾನಕ್ಕೆ ಬಂದಿವೆ. ಸಾಧನ ಯಾವುದಾದರೂ ತತ್ತ್ವ ಒಂದೇ. ವಸ್ತುವೊಂದು ಎಷ್ಟು ನೀರನ್ನು ಸರಿಸುತ್ತದೆಯೋ, ಆ ನೀರಿನ ತೂಕದಷ್ಟು ಬಲದಿಂದ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಮನುಷ್ಯದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಸಮೀಪವಾಗಿರುವುದರಿಂದ ಮಗು ತೇಲಲು ಅಲ್ಪ ಆಸರೆಯೇ ಸಾಕು.

ಆದರೆ ಆಸರೆಗಳೆಲ್ಲವೂ ಸಮಾನವಲ್ಲ. ತೋಳುಪಟ್ಟಿ ಧರಿಸಿದ ಮಗು ನೀರಿನಲ್ಲಿ ನೆಟ್ಟಗೆ ನಿಂತು ಕಾಲಾಡಿಸುವುದನ್ನು ರೂಢಿಸಿಕೊಳ್ಳುತ್ತದೆ. ಈಜಿಗಾದರೋ ದೇಹ ಅಡ್ಡಲಾಗಿ ಚಾಚಿಕೊಳ್ಳಬೇಕು. ಟ್ಯೂಬಿನಿಂದ ಮಗು ಕೆಳಗೆ ಜಾರಬಹುದು, ಇಲ್ಲವೆ ತಲೆಕೆಳಗಾಗಬಹುದು. ಗಾಳಿಯ ಸಾಧನಕ್ಕೆ ಒಂದು ಮುಳ್ಳು ತಾಗಿದರೂ ಸಾಕು, ಆಸರೆ ಇಲ್ಲವಾಗುತ್ತದೆ. ಬೆನ್ನಿಗೆ ಕಟ್ಟುವ ತೇಲುಸಾಧನ ಮತ್ತು ಕೈಯಲ್ಲಿ ಹಿಡಿಯುವ ಈಜುಹಲಗೆಗಳು ದೇಹವನ್ನು ಈಜಿನ ಭಂಗಿಗೆ ತರಲು ಹೆಚ್ಚು ನೆರವಾಗುತ್ತವೆ. ಡಬ್ಬಿಯನ್ನು ಬಳಸುವುದಾದರೆ ಮುಚ್ಚಳವನ್ನೂ ಕಟ್ಟನ್ನೂ ಪ್ರತಿಸಲ ಪರೀಕ್ಷಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಸಾಧನ ಕೊಟ್ಟ ಧೈರ್ಯವನ್ನು ಮಗು ತನ್ನ ಸಾಮರ್ಥ್ಯವೆಂದು ಭಾವಿಸಿ, ಅದಿಲ್ಲದ ದಿನವೂ ನೀರಿಗೆ ಧುಮುಕಬಹುದು. ಆದ್ದರಿಂದ ಆಸರೆಯನ್ನು ಹಂತಹಂತವಾಗಿ ಕಡಿಮೆ ಮಾಡಬೇಕು. ದೊಡ್ಡ ಡಬ್ಬಿಯ ಬದಲು ಚಿಕ್ಕದನ್ನು ಕಟ್ಟಬೇಕು. ಪ್ರತಿದಿನ ಸ್ವಲ್ಪ ಹೊತ್ತು, ಮಗುವಿನ ಸೊಂಟದ ಮಟ್ಟದ ನೀರಿನಲ್ಲಿ, ಸಾಧನವಿಲ್ಲದೆ ಕೈಹಿಡಿದು ಅಭ್ಯಾಸ ಮಾಡಿಸಬೇಕು. ನೀರಿನೊಳಗೆ ಉಸಿರು ಬಿಡುವುದು, ಅಂಗಾತ ತೇಲುವುದು, ತಿರುಗಿ ದಡ ಸೇರುವುದು ಮೊದಲ ಪಾಠಗಳಾಗಲಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಮೃತಪಟ್ಟರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗದಷ್ಟು ಮಂದಿ 5 ವರ್ಷದೊಳಗಿನ ಮಕ್ಕಳು. ಮುಳುಗುವ ಮಗು ಕೂಗಿ ಕರೆಯುತ್ತದೆಂದು ನಂಬುವಂತಿಲ್ಲ. ಉಸಿರಿಗೇ ಹೆಣಗುವಾಗ ಕೂಗಲು ಅವಕಾಶವಿರುವುದಿಲ್ಲ. ಆದಕಾರಣ ಈಜು ಬಲ್ಲ ಹಿರಿಯರೊಬ್ಬರು ಮೊಬೈಲನ್ನು ಬದಿಗಿಟ್ಟು, ಮಗು ಕೈಗೆಟಕುವಷ್ಟು ಸಮೀಪದಲ್ಲಿ ನೀರಿನಲ್ಲಿಯೇ ಇರಬೇಕು.

ಸೋರೆಬುರುಡೆಯ ಕಾಲದಲ್ಲಿಯೂ ಹಗ್ಗದ ಇನ್ನೊಂದು ತುದಿ ಹಿರಿಯರ ಕೈಯಲ್ಲಿಯೇ ಇರುತ್ತಿತ್ತು. ಸಾಧನ ಬದಲಾಗಿರಬಹುದು, ಪಾಲಕರ ಆ ಹೊಣೆ ಬದಲಾಗಿಲ್ಲ.