ಬೆಕ್ಕಿನ ದೂರು

ನಾನು ವಾಸವಾಗಿರುವ ಬಡಾವಣೆಯ ಹೆಸರು ಶ್ರೀಗಂಧದ ಕಾವಲ್. ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಕಡೆಗಿರುವ ಈ ಸ್ಥಳದ ಹೆಸರಿನಲ್ಲಿ ಗಂಧವೂ ಉಂಟು, ಕಾವಲೂ ಉಂಟು. ಇಂಥ ಪರಿಮಳದ ಹೆಸರಿನ ಊರಿನಲ್ಲಿ ಕುಳಿತು ದುರ್ಗಂಧದ ವಿಚಾರವನ್ನು ಬರೆಯಹೊರಟಿರುವುದಕ್ಕೆ ವಾಚಕರು ಮನ್ನಿಸಬೇಕು. ಸಾಕಿದ ಬೆಕ್ಕು ತನಗೆಂದು ಇಟ್ಟ ಮರಳಿನ ತಟ್ಟೆಯನ್ನು ಬಿಟ್ಟು ಹಾಸಿಗೆಯ ಮೇಲೋ, ಪುಸ್ತಕದ ಬೀರುವಿನ ಮೂಲೆಯಲ್ಲೋ ಮಲಮೂತ್ರ ವಿಸರ್ಜನೆ ಮಾಡುವುದೇ ಆ ವಿಚಾರ. ಕ್ಷುಲ್ಲಕವೆಂದು ಯಾರಿಗಾದರೂ ತೋರಬಹುದು. ಆದರೆ ಇದೊಂದೇ ಅಪರಾಧಕ್ಕಾಗಿ ಎಷ್ಟೋ ಬೆಕ್ಕುಗಳು ಗೋಣಿಚೀಲವನ್ನು ಸೇರಿ, ರಾತ್ರೋರಾತ್ರಿ ಕಾಣದ ಊರಿನ ಸಂತೆಮಾಳದಲ್ಲಿ ಇಳಿಯುತ್ತವೆ. ಮನೆಯ ಅನ್ನವನ್ನೇ ನಂಬಿದ ಪ್ರಾಣಿಗೆ ಅದು ಮರಣದಂಡನೆಗೆ ಸಮಾನ.

ನಮ್ಮ ಹಿರಿಯರಿಗೆ ಈ ತೊಡಕು ಇರಲಿಲ್ಲ. ಮನೆಗೊಂದು ಹಿತ್ತಿಲಿತ್ತು; ಬಚ್ಚಲ ಒಲೆಯ ಬೂದಿಯ ರಾಶಿ ಇತ್ತು. ಬೆಕ್ಕು ಅಲ್ಲಿಗೆ ಹೋಗಿ, ಗುಳಿ ತೋಡಿ, ಕೆಲಸ ಮುಗಿಸಿ, ಮಣ್ಣೆಳೆದು ಮುಚ್ಚಿ, ಏನೂ ಅರಿಯದ ಸನ್ಯಾಸಿಯಂತೆ ಒಳಗೆ ಬರುತ್ತಿತ್ತು. ಈಗ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದ ಅಂಚಿನವರೆಗೆ ಗಾರೆ. ಅದರ ಮೇಲೆ ಮೂರು ಅಂತಸ್ತು. ಯಾರಾದರೂ ಮನೆ ಕಟ್ಟಿಸಲು ಬೀದಿಯಲ್ಲಿ ಎಂ-ಸ್ಯಾಂಡ್ ಸುರಿದರೆ ಸುತ್ತಣ ಬೆಕ್ಕುಗಳಿಗೆಲ್ಲ ಅದೇ ಸಾರ್ವಜನಿಕ ಶೌಚಾಲಯ. ಮನೆ ಎದ್ದ ಮೇಲೆ ಅದೂ ಇಲ್ಲ.

ಮಣ್ಣಿಗಾಗಿ ಬೆಕ್ಕು ಹಂಬಲಿಸುವುದು ಅದರ ಹುಟ್ಟುಗುಣ. ಮನೆಬೆಕ್ಕುಗಳ ಮೂಲ ಪಶ್ಚಿಮ ಏಷ್ಯದ ಒಣಭೂಮಿಯ ಕಾಡುಬೆಕ್ಕೆಂದು 2007ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನ ತೋರಿಸಿಕೊಟ್ಟಿತು. ಆ ಪೂರ್ವಜರಿಂದ ಇದಕ್ಕೆ ಬಂದ ಆಸ್ತಿ ಎರಡು: ಸಡಿಲ ಮಣ್ಣನ್ನು ತೋಡಿ ಮುಚ್ಚುವ ಅಭ್ಯಾಸ, ಕಡಮೆ ನೀರು ಕುಡಿದು ಮೂತ್ರವನ್ನು ಬಹಳ ಗಾಢವಾಗಿಸುವ ಶಕ್ತಿ. ಆ ಮೂತ್ರದಲ್ಲಿ ಫೆಲಿನೀನ್ ಎಂಬ ಅಮೈನೊ ಆಮ್ಲವಿರುತ್ತದೆ, ಅದರಲ್ಲಿ ಗಂಧಕವಿದೆ. ಅದು ಒಡೆದಾಗ ಏಳುವ ನಾತವನ್ನು ವರ್ಣಿಸಬೇಕಾಗಿಲ್ಲ. ಶ್ರೀಗಂಧಕ್ಕೂ ಗಂಧಕಕ್ಕೂ ಇರುವುದು ಒಂದೇ ಅಕ್ಷರದ ನಂಟು.

ಮರಳಿನ ತಟ್ಟೆ ಮನೆಯೊಳಗೆ ಬಂದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ 1947ರ ಚಳಿಗಾಲದಲ್ಲಿ ಒಬ್ಬಾಕೆಯ ಮರಳಿನ ರಾಶಿ ಹಿಮಗಟ್ಟಿತು. ಬೂದಿ ಹಾಕಿದರೆ ಮನೆಯೆಲ್ಲ ಕರಿ ಹೆಜ್ಜೆ. ನೆರೆಯ ಎಡ್ ಲೋ ಎಂಬ ತರುಣನಲ್ಲಿ ಕಾರ್ಖಾನೆಗಳ ಎಣ್ಣೆ ಹೀರಿಸಲು ಬಳಸುವ ಹರಳು ಜೇಡಿಮಣ್ಣಿತ್ತು; ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯ ಜಾತಿಯದೇ. ಅದನ್ನು ಕೊಟ್ಟ, ಬೆಕ್ಕು ಮೆಚ್ಚಿತು. ಐದು ಪೌಂಡಿನ ಚೀಲಗಳಲ್ಲಿ ತುಂಬಿ ಮಾರಹೊರಟಾಗ, ಮರಳು ಅಗ್ಗವಾಗಿ ಸಿಗುವಾಗ ಮಣ್ಣಿಗೆ ಯಾರು 65 ಸೆಂಟ್ ಕೊಡುತ್ತಾರೆಂದು ಅಂಗಡಿಯವನು ಸಂದೇಹಪಟ್ಟನಂತೆ. ಕೊಡುವವರು ಲಕ್ಷಾಂತರ ಮಂದಿ ಆದರು. ಒದ್ದೆಯಾದೊಡನೆ ಉಂಡೆಕಟ್ಟುವ ಬೆಂಟೊನೈಟ್ ಮಣ್ಣು ಆಮೇಲೆ ಬಂತು. ಆ ಮಣ್ಣಿನ ದೊಡ್ಡ ನಿಕ್ಷೇಪ ನಮ್ಮ ದೇಶದ ಕಚ್ಛದಲ್ಲಿಯೇ ಇದೆ.

ಇಷ್ಟಾದರೂ ಬೆಕ್ಕು ತಟ್ಟೆಯನ್ನು ತೊರೆಯುವುದೇಕೆ? ಕಾರಣ ಹಲವೊಮ್ಮೆ ಸರಳ. ತಟ್ಟೆ ಕೊಳಕಾಗಿರುತ್ತದೆ; ಇಲ್ಲವೆ ಬೆಕ್ಕು ತಿರುಗಿ ನಿಲ್ಲಲಾರದಷ್ಟು ಚಿಕ್ಕದಾಗಿರುತ್ತದೆ. ನಮ್ಮ ಮೂಗಿಗೆ ಹಿತವಾದ ಸುಗಂಧ ಬೆರೆತ ಮರಳು ಅದರ ಮೂಗಿಗೆ ಶಿಕ್ಷೆ. ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿಟ್ಟರೆ ಯಂತ್ರ ಗುಡುಗಿದ ದಿನವೇ ಅದು ಆ ಸ್ಥಳಕ್ಕೆ ಶರಣು ಹೊಡೆಯುತ್ತದೆ. ಎರಡು ಬೆಕ್ಕುಗಳಿದ್ದಲ್ಲಿ ಬಲಿಷ್ಠವಾದುದು ದಾರಿಯಲ್ಲಿ ಕುಳಿತು ಇನ್ನೊಂದನ್ನು ತಡೆಯುವುದೂ ಉಂಟು. ಆದುದರಿಂದಲೇ ಬಲ್ಲವರು ಬೆಕ್ಕುಗಳಿಗಿಂತ ಒಂದು ತಟ್ಟೆ ಹೆಚ್ಚಿರಲಿ ಎನ್ನುತ್ತಾರೆ. ನಿಂತು ಬಾಲವೆತ್ತಿ ಗೋಡೆಗೆ ಸಿಂಪಡಿಸುವ ಗಂಡಿನ ಮಾತು ಬೇರೆ. ಅದು ಗಡಿಯ ಗುರುತು; ಬೀಜ ತೆಗೆಸಿದರೆ ಹೆಚ್ಚಿನವು ಬಿಡುತ್ತವೆ.

ಸರಳವಲ್ಲದ ಕಾರಣವೊಂದಿದೆ. ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ ಕರಿಯನೆಂಬ ಗಂಡು ಬೆಕ್ಕಿದೆ. ನಾಲ್ಕು ವರ್ಷ ಶಿಸ್ತಿನಿಂದಿದ್ದ ಆ ಪ್ರಾಣಿ ಒಮ್ಮೆ ಇದ್ದಕ್ಕಿದ್ದಂತೆ ಬಚ್ಚಲಿನ ತಣ್ಣನೆಯ ನೆಲದ ಮೇಲೆ, ಅಡಿಗೆಮನೆಯ ಮೂಲೆಯಲ್ಲಿ, ಎರಡೆರಡು ಹನಿ ಬಿಡತೊಡಗಿತು. ಮನೆಗೆ ಮೊಮ್ಮಗು ಬಂದ ಹೊಸತು. ಹೊಟ್ಟೆಕಿಚ್ಚಿಗೆ ಹೀಗೆ ಮಾಡುತ್ತಿದೆಯೆಂದು ಮನೆಯವರ ತೀರ್ಮಾನ. ಪೊರಕೆಯ ಏಟೂ ಬಿದ್ದಿತ್ತು. ಗೋಣಿಚೀಲದ ಮಾತೂ ಎದ್ದಿತ್ತು. ನಾನು ಹೋದ ಸಂಜೆ ಕರಿಯ ತಟ್ಟೆಯಲ್ಲಿ ಕುಳಿತು ತಿಣುಕುತ್ತಿತ್ತು. ಒಂದು ಹನಿಯೂ ಬರಲಿಲ್ಲ. ಒಂದು ಬಗೆಯ ಮೊರೆಯ ದನಿ ಮಾತ್ರ ಬಂತು.

“ಮೇಷ್ಟ್ರೇ, ಇದು ಹಟವಲ್ಲ. ಮೂತ್ರ ಕಟ್ಟಿದೆ. ಈಗಲೇ ಹೊರಡಬೇಕು,” ಎಂದೆ.

“ಬೆಳಗ್ಗೆ ಹೋದರಾಗದೆ ಸ್ವಾಮಿ?”

“ಬೆಳಗ್ಗೆಗೆ ಉಳಿಯುವುದೇ ಸಂದೇಹ.”

ಮೇಷ್ಟ್ರು ಮರುಮಾತಾಡದೆ ಪಂಚೆಯ ಮೇಲೊಂದು ಅಂಗಿ ತೊಟ್ಟು ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಆಟೋ ಹತ್ತಿದರು. ವೈದ್ಯರು ಮತ್ತು ಬರಿಸಿ, ಸಣ್ಣ ನಳಿಗೆಯಿಂದ ದಾರಿ ಬಿಡಿಸಿದರು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳೋ ಲೋಳೆಯೋ ಅಡ್ಡಬಂದು ಮುಚ್ಚಿದರೆ ವಿಷ ರಕ್ತಕ್ಕೇರಿ, ಪೊಟ್ಯಾಸಿಯಂ ಹೆಚ್ಚಿ, ಒಂದೆರಡು ದಿನಗಳಲ್ಲಿ ಹೃದಯ ನಿಲ್ಲಬಹುದು. ಹೀಗೆ ಕೆರಳುವ ಮೂತ್ರಕೋಶಕ್ಕೂ ಕಳವಳಗೊಂಡ ಮನಸ್ಸಿಗೂ ಸಂಬಂಧವಿದೆ ಎಂಬುದನ್ನು ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರು ತೋರಿಸಿದ್ದಾರೆ. ದಿನಚರಿ ಏರುಪೇರಾದರೆ ಆರೋಗ್ಯವಂತ ಬೆಕ್ಕೂ ತಟ್ಟೆಯ ಹೊರಗೆ ಹೋಗುವುದುಂಟೆಂದು ಅವರ 2011ರ ಲೇಖನ ಹೇಳುತ್ತದೆ. ಮೊಮ್ಮಗು ಬಂದುದಕ್ಕೂ ಕರಿಯನ ಸ್ಥಿತಿಗೂ ನಂಟಿದ್ದರೂ ಇರಬಹುದು. ಆದರೆ ಅದು ಹೊಟ್ಟೆಕಿಚ್ಚಲ್ಲ, ಕಂಗಾಲು.

ಕರಿಯ ಗುಣವಾಗಿ ಬಂದ ಮೇಲೂ ಹಳೆಯ ತಟ್ಟೆಯ ಹತ್ತಿರ ಸುಳಿಯಲಿಲ್ಲ. ಇದಕ್ಕೆ ವಿವರಣೆ ಹುಡುಕಲು ವಿದೇಶಕ್ಕೆ ಹೋಗಬೇಕಾಗಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದವರಾರು? ಕುದಿಯುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಆ ಬೆಕ್ಕು ಮುಂದೆ ಹಾಲಿನ ಬಟ್ಟಲು ಕಂಡರೇ ಓಡುತ್ತಿತ್ತು. ಆಸ್ಥಾನದವರು ನಕ್ಕರು, ಬೆಕ್ಕಿಗೆ ಅದು ನಗೆಯ ಮಾತಾಗಿರಲಿಲ್ಲ. ತಟ್ಟೆಯಲ್ಲಿ ಕುಳಿತಾಗಲೆಲ್ಲ ನೋವುಂಡ ಕರಿಯನಿಗೆ ನೋವು ಕೊಟ್ಟುದು ತಟ್ಟೆಯೇ. ಮೇಷ್ಟ್ರು ಅಗಲವಾದ ಹೊಸ ಬೋಗುಣಿಯನ್ನು ತಂದು, ಬೇರೆಯ ಮೂಲೆಯಲ್ಲಿ, ವಾಸನೆಯಿಲ್ಲದ ಮರಳು ತುಂಬಿ ಇಟ್ಟರು. ಎರಡು ವಾರಕ್ಕೆ ಕರಿಯ ದಾರಿಗೆ ಬಂತು.

ಬೆಕ್ಕು ಸಾಕಿದವರಿಗೆ ಇಷ್ಟು ಹೇಳಬಹುದು. ಅಭ್ಯಾಸ ತಪ್ಪಿದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಗಂಡು ಬೆಕ್ಕು ತಿಣುಕುತ್ತಿದ್ದರೆ ಗಳಿಗೆಯೂ ತಡೆಯಬೇಡಿ. ಹೊಡೆದರೆ ಅದು ಕಲಿಯುವುದು ನಿಮ್ಮಿಂದ ಅಡಗಿಕೊಳ್ಳುವುದನ್ನು ಮಾತ್ರ. ಕಲೆಯಾದಲ್ಲಿ ಫಿನಾಯಿಲ್ ಸುರಿಯಬೇಡಿ. ಅದರ ವಿಷವನ್ನು ಕಳೆದುಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಮೆ. ಆ ವಾಸನೆಯನ್ನು ಒಡೆಯುವ ಕಿಣ್ವದ ದ್ರಾವಣಗಳು ದೊರೆಯುತ್ತವೆ. ತಟ್ಟೆಯನ್ನು ದಿನವೂ ಶುಚಿಮಾಡಿ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಇದ್ದರೂ ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಗರ್ಭಿಣಿಯರು ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಲಿ, ಬೆಕ್ಕನ್ನೇ ಓಡಿಸಬೇಕಾಗಿಲ್ಲ.

ಮಾತಿಲ್ಲದ ಪ್ರಾಣಿಗೆ ದೂರು ಕೊಡಲು ಇರುವ ಉಪಾಯಗಳು ಕೆಲವೇ. ಅವುಗಳಲ್ಲಿ ಇದೊಂದು ನಮಗೆ ಅಸಹ್ಯವಾದುದು ಎಂಬುದರಿಂದ ದೂರು ಸುಳ್ಳಾಗುವುದಿಲ್ಲ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ದನಗಳಿಗಾಗಿ ಕಾವಲುಗಳನ್ನೇ ಬಿಟ್ಟಿದ್ದರು. ನಾವು ನೆಲವನ್ನೆಲ್ಲ ಗಾರೆಯಿಂದ ಮುಚ್ಚಿದ ಮೇಲೆ, ಒಂದು ಬೆಕ್ಕಿಗೆ ಬೋಗುಣಿಯಷ್ಟು ಶುಚಿಯಾದ ಮರಳು ಒದಗಿಸುವುದು ದೊಡ್ಡ ಉಪಕಾರವೇನೂ ಅಲ್ಲ.