ಇನ್ಸುಲಿನ್ ನುಂಗುವ ದಿನ ಎಷ್ಟು ದೂರ?

ಸಕ್ಕರೆ ಕಾಯಿಲೆಗೆ ಇಷ್ಟೊಂದು ಮಾತ್ರೆಗಳಿರುವಾಗ ಇನ್ಸುಲಿನ್ ಮಾತ್ರ ಏಕೆ ಸೂಜಿಯಲ್ಲೇ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಜೀರ್ಣಕ್ರಿಯೆಯ ಪಾಠ ಓದಿದ ಯಾವ ವಿದ್ಯಾರ್ಥಿಯೂ ಉತ್ತರ ಹೇಳಬಲ್ಲ. ಇನ್ಸುಲಿನ್ 51 ಅಮೈನೋ ಆಮ್ಲಗಳ ಪ್ರೋಟೀನು. ನುಂಗಿದರೆ ಬೇಳೆ, ಮೊಟ್ಟೆಗಳ ಪ್ರೋಟೀನಿಗಾಗುವ ಗತಿಯೇ ಅದಕ್ಕೂ. ಅಂಗಡಿಯಲ್ಲಿ ಸಿಗುವ ಮೆಟ್‌ಫಾರ್ಮಿನ್ ಮುಂತಾದ ಮಾತ್ರೆಗಳು ಇನ್ಸುಲಿನ್ ಅಲ್ಲವೇ ಅಲ್ಲ. ಪಾಲಕರಲ್ಲಿ ಅನೇಕರು ಎಡವುವುದು ಇಲ್ಲೇ.

ದುರ್ಗದವರಿಗೆ ಏಳು ಸುತ್ತಿನ ಕೋಟೆಯನ್ನು ವಿವರಿಸಬೇಕಿಲ್ಲ. ಹೊಟ್ಟೆಯೂ ಅಂಥದೇ. ಮೊದಲು ಜಠರದ ಆಮ್ಲ, ಜೊತೆಗೆ ಪೆಪ್ಸಿನ್, ದಾಟಿದರೆ ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್, ಆಮೇಲೆ ಲೋಳೆ, ಕೊನೆಗೆ ಒತ್ತಾಗಿ ನಿಂತ ಕರುಳಿನ ಜೀವಕೋಶಗಳು. ಅವುಗಳ ನಡುವಿನ ಕಿಂಡಿಯಲ್ಲಿ ಇನ್ಸುಲಿನ್‌ನಂಥ ದೊಡ್ಡ ಅಣು ತೂರದು. ಅಲ್ಲಿಯವರೆಗೆ ಬರುವಷ್ಟರಲ್ಲಿ ಒನಕೆ ಹಿಡಿದು ಕಾದ ಕಿಣ್ವಗಳು ಅದನ್ನು ಬಿಟ್ಟಿರುವುದೂ ಇಲ್ಲ!

ಬೆಂಗಳೂರಿನ ಬಯೋಕಾನ್ ಈ ಕೋಟೆಗೆ ಲಗ್ಗೆ ಹಾಕಿದ್ದುಂಟು. ಇನ್ಸುಲಿನ್ ಅಣುವನ್ನೇ ಕೊಂಚ ಮಾರ್ಪಡಿಸಿ, ಐಎನ್-105 ಎಂಬ ಮಾತ್ರೆ ತಯಾರಿಸಿತು. ಆದರೆ 2011ರಲ್ಲಿ ಹೊರಬಿದ್ದ ಮೂರನೇ ಹಂತದ ಪರೀಕ್ಷೆಯ ಫಲಿತಾಂಶದಲ್ಲಿ ಮುಖ್ಯ ಗುರಿ ಈಡೇರಲಿಲ್ಲ. ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಕಂಪನಿಯ ಮಾತ್ರೆ ಸಕ್ಕರೆ ಇಳಿಸಿತು, ಆದರೆ ಸೂಜಿಗಿಂತ ಬಹುಪಟ್ಟು ಹೆಚ್ಚು ಇನ್ಸುಲಿನ್ ಬೇಡಿತು. ಬೆಲೆ ತಾಳದೆ ಕಂಪನಿ ಕೈಬಿಟ್ಟಿತು.

ಈಗ ಕುತೂಹಲವೆಲ್ಲ ನ್ಯಾನೊಕಣಗಳ ಮೇಲೆ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೊಮೀಟರು. ಸಿಡ್ನಿ ವಿಶ್ವವಿದ್ಯಾಲಯ ಮತ್ತು ನಾರ್ವೆಯ ವಿಜ್ಞಾನಿಗಳು ಇನ್ಸುಲಿನ್ ಅನ್ನು ಬೆಳ್ಳಿಯ ಸಲ್ಫೈಡ್ ಕಣಗಳಿಗೆ ಅಂಟಿಸಿ, ಆಮ್ಲ ತಾಗದಂತೆ ಹೊದಿಕೆ ಹೊದಿಸಿದರು. ರಕ್ತದಲ್ಲಿ ಸಕ್ಕರೆ ಏರಿದಾಗಲಷ್ಟೇ ಇನ್ಸುಲಿನ್ ಬಿಡುಗಡೆಯಾಗಬೇಕೆಂಬುದು ಅವರ ಲೆಕ್ಕ. 2024ರ ವರದಿಯಂತೆ ಇಲಿಗಳಲ್ಲೂ ಬಬೂನ್ ಕೋತಿಗಳಲ್ಲೂ ಸಕ್ಕರೆ ಇಳಿಯಿತು. ಕೋತಿಗಳಿಗೆ ಔಷಧಿ ತಿನ್ನಿಸಿದ್ದು ಸಕ್ಕರೆಯಿಲ್ಲದ ಚಾಕೊಲೇಟಿನಲ್ಲಿ! ಆದರೂ ಕೋತಿಯಿಂದ ಮನುಷ್ಯನವರೆಗಿನ ದಾರಿ ಸಣ್ಣದಲ್ಲ. ಆ ಬೆಳ್ಳಿ ವರ್ಷಾನುಗಟ್ಟಲೆ ದೇಹ ಸೇರುತ್ತಿದ್ದರೆ ಏನಾದೀತು ಎಂಬುದನ್ನೂ ನೋಡಬೇಕು.

‘ಮಾತ್ರೆ ಬಂತಂತೆ’ ಎಂಬ ಸುದ್ದಿ ನಂಬಿ ಸೂಜಿ ನಿಲ್ಲಿಸಿದರೆ ಅಪಾಯ ಹೆಚ್ಚು ಟೈಪ್-1 ಮಕ್ಕಳಿಗೆ. ಅವರ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದೇ ಇಲ್ಲವೆನ್ನಬಹುದು. ಸೂಜಿ ತಪ್ಪಿದರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಕೀಟೋನ್ ತುಂಬಿ ಪ್ರಾಣಕ್ಕೇ ಸಂಚಕಾರ. ಹಿರಿಯೂರಿನ ಬಿಸಿಲಿನಲ್ಲಿ ಔಷಧಿ ಕೆಡುವ ಚಿಂತೆ ಬೇರೆ. ತೆರೆಯದ ಸೀಸೆಗೆ ಫ್ರಿಜ್‌ನ 2ರಿಂದ 8 ಡಿಗ್ರಿ ಬೇಕು, ಆದರೆ ಹೆಪ್ಪುಗಟ್ಟಬಾರದು. ಫ್ರಿಜ್ ಇಲ್ಲದ ಮನೆಗಳಲ್ಲಿ ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆ, ನೀರು ಆವಿಯಾದಂತೆ, ಸೀಸೆಯನ್ನು ತಂಪಾಗಿಡುತ್ತದೆ.