ಹಾಡನ್ನು ಕೊಂದವರು ಯಾರು?

ಸಂಗೀತಗಾರನ ಸಂಕಟದ ಕಥೆ ಕನ್ನಡಿಗರಿಗೆ ಹೊಸದೇನಲ್ಲ. ಅ.ನ.ಕೃ. ಅವರ ಕಾದಂಬರಿಯನ್ನು ಆಧರಿಸಿ 1966ರಲ್ಲಿ ತೆರೆಕಂಡ ‘ಸಂಧ್ಯಾರಾಗ’ದಲ್ಲಿ ಡಾ. ರಾಜ್‌ಕುಮಾರ್ ಅವರ ಅಭಿನಯವನ್ನೂ ಪಂಡಿತ ಭೀಮಸೇನ ಜೋಶಿಯವರ ಕಂಠವನ್ನೂ ಮೆಚ್ಚಿದ ನಮ್ಮ ಹಿರಿಯರೇ, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನೂ ರಾತ್ರಿ ನಿದ್ದೆಗೆಟ್ಟು ಓದಿದರು. ಹೊರನೋಟಕ್ಕೆ ಇವೆರಡೂ ಬೇರೆ ಬೇರೆ ಲೋಕಗಳು. ಆದರೆ ಈ ದೇಶಕ್ಕೆ ಬಂದ ಮೇಲೆ, ಮನೆಗೆಲಸದ ಬಿಡುವಿನಲ್ಲಿ ಇಲ್ಲಿನ ಅಂಥ ಚಿತ್ರಗಳನ್ನು ನೋಡಿ, ಗ್ರಂಥಾಲಯದಿಂದ ತಂದ ಹಳ್ಳಿಗಾಡಿನ ಕೊಲೆಯ ಕಥೆಗಳನ್ನು ಓದಿದ ನನಗೆ ಎರಡರಲ್ಲಿಯೂ ಒಂದೇ ಪ್ರಶ್ನೆ ಕಾಣುತ್ತದೆ: ಕೊಂದವರು ಯಾರು? ಕಾದಂಬರಿಯಲ್ಲಿ ಸಾಯುವುದು ಮನುಷ್ಯ, ಚಿತ್ರದಲ್ಲಿ ಪ್ರತಿಭೆ.

ಮಿಲೋಶ್ ಫಾರ್ಮನ್ ನಿರ್ದೇಶಿಸಿದ ‘ಅಮೆಡಿಯಸ್’ (1984) ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಮೊಜಾರ್ಟನನ್ನು ಕೊಂದವನು ತಾನೇ ಎಂದು ಮುದುಕ ಸಾಲಿಯೇರಿ ಕೂಗಿಕೊಳ್ಳುತ್ತಾನೆ. ಚಿತ್ರಕ್ಕೆ ಎಂಟು ಆಸ್ಕರ್ ಪ್ರಶಸ್ತಿಗಳು ಬಂದವು. ಸಾಲಿಯೇರಿ ವಿಷವಿಕ್ಕಿದನೆಂಬುದಕ್ಕೆ ಇತಿಹಾಸದಲ್ಲಿ ಆಧಾರವಿಲ್ಲ. ಮೊಜಾರ್ಟನ ಕಿರಿಯ ಮಗನಿಗೆ ಮುಂದೆ ಸಂಗೀತಪಾಠ ಹೇಳಿದವರಲ್ಲಿ ಅವನೂ ಒಬ್ಬ. ‘ಶೈನ್’ (1996) ಆಸ್ಟ್ರೇಲಿಯದ ಪಿಯಾನೋ ವಾದಕ ಡೇವಿಡ್ ಹೆಲ್ಫ್‌ಗಾಟ್‌ನ ಮನೋವ್ಯಥೆಯ ಕಥೆ. ಜೆಫ್ರಿ ರಷ್‌ನ ಅಭಿನಯ ಮರೆಯಲಾಗದು. ಅಲ್ಲಿ ಕಟಕಟೆಯಲ್ಲಿ ನಿಲ್ಲುವವನು ತಂದೆ. ಉತ್ತರ ಕೊಡಲು ಆತ ಬದುಕಿರಲಿಲ್ಲ. ಎರಡು ವರ್ಷಗಳ ತರುವಾಯ ಡೇವಿಡ್‌ನ ಅಕ್ಕ ಮಾರ್ಗರೆಟ್, ತಮ್ಮ ತಂದೆ ಅಂಥವರಲ್ಲವೆಂದು ಒಂದು ಪುಸ್ತಕವನ್ನೇ ಬರೆದರು. ಚಿತ್ರ ನೋಡಿ ಕಣ್ಣೀರಿಟ್ಟವರಲ್ಲಿ ಎಷ್ಟು ಮಂದಿ ಆ ಪುಸ್ತಕವನ್ನು ತೆರೆದಿದ್ದಾರು?

ಹಳ್ಳಿಯ ಕೊಲೆಯ ಕಾದಂಬರಿ ಇಷ್ಟು ಅವಸರಪಡುವುದಿಲ್ಲ. ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಅಟ್ ದ ವಿಕರೇಜ್’ (1930) ಕಾದಂಬರಿಯಲ್ಲಿ ಸೇಂಟ್ ಮೇರಿ ಮೀಡ್ ಎಂಬ ಪುಟ್ಟ ಊರಿನ ಪಾದ್ರಿಯ ಓದುವ ಕೋಣೆಯಲ್ಲಿ ಕರ್ನಲ್ ಪ್ರೊಥೆರೋನ ಕೊಲೆಯಾಗುತ್ತದೆ. ಊರಿಗೇ ಬೇಡವಾಗಿದ್ದ ಮನುಷ್ಯ. ಪಾದ್ರಿಯ ಗಡಿಯಾರ ಯಾವಾಗಲೂ ಕಾಲುಗಂಟೆ ಮುಂದಿರುತ್ತದೆಂಬ ಸಣ್ಣ ಸಂಗತಿಯೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಪಕ್ಕದ ತೋಟದಿಂದ ಎಲ್ಲವನ್ನೂ ಗಮನಿಸುವ ವೃದ್ಧೆ ಮಿಸ್ ಮಾರ್ಪಲ್‌ಗೆ ಒಬ್ಬರಲ್ಲ, ಏಳು ಜನರ ಮೇಲೆ ಸಂಶಯ. (ಕೊಲೆಗಾರರ ಹೆಸರನ್ನು ನನ್ನಿಂದ ನಿರೀಕ್ಷಿಸಬೇಡಿ!) ಆಕೆಯದು ಅಡುಗೆಮನೆಯ ಕಿಟಕಿಯಿಂದ ಬೀದಿಯನ್ನು ಬಲ್ಲ ನಮ್ಮ ಅಜ್ಜಿಯರ ಜಾಣ್ಮೆ. ಪೊಲೀಸರು ಇಂಥ ಜಾಣ್ಮೆಯನ್ನು ಕಾಡುಹರಟೆ ಎನ್ನುತ್ತಾರೆ.

ನಮ್ಮ ಕನ್ನಡ ಕೂಟಗಳೂ ಒಂದೊಂದು ಸೇಂಟ್ ಮೇರಿ ಮೀಡ್ ಅಲ್ಲವೇ? ರಾಜ್ಯೋತ್ಸವದ ವೇದಿಕೆಯಲ್ಲಿ ಸೊಗಸಾಗಿ ಹಾಡುತ್ತಿದ್ದ ಹುಡುಗಿ ಕಾಲೇಜು ಸೇರಿ ಹಾಡನ್ನೇ ಬಿಟ್ಟಳೆಂದರೆ, ಊಟದ ಸಾಲು ಕರಗುವಷ್ಟರಲ್ಲಿ ತೀರ್ಪು ಹೊರಬಿದ್ದಿರುತ್ತದೆ: ತಾಯಿಯ ಒತ್ತಾಯ, ಇಲ್ಲವೇ ತಂದೆಯ ಇಂಜಿನಿಯರಿಂಗ್ ಹುಚ್ಚು. ಆ ಹುಡುಗಿಯನ್ನೇ ಕೇಳಿದವರನ್ನು ನಾನು ಕಂಡಿಲ್ಲ.

ಈ ಬಗೆಯ ಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬ್ರೂಸ್ ಬೆರೆಸ್‌ಫರ್ಡ್‌ರ ‘ಟೆಂಡರ್ ಮರ್ಸೀಸ್’ (1983). ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡ ಗಾಯಕ ಮ್ಯಾಕ್ ಸ್ಲೆಜ್ ಟೆಕ್ಸಾಸಿನ ಹೆದ್ದಾರಿ ಬದಿಯ ಬಡ ವಸತಿಗೃಹವೊಂದರಲ್ಲಿ ಎಚ್ಚರಗೊಳ್ಳುತ್ತಾನೆ. ಕೈಯಲ್ಲಿ ಬಿಡಿಗಾಸಿಲ್ಲ. ಅದನ್ನು ನಡೆಸುವ ರೋಸಾ ಲೀ, ವಿಯೆಟ್ನಾಂ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು, ಕೆಲಸ ಕೊಡುತ್ತಾಳೆ. ಕೆಲಸದ ವೇಳೆ ಕುಡಿಯಕೂಡದೆಂಬ ಷರತ್ತು ಹಾಕುತ್ತಾಳೆ. ಅವನ ಹಾಡನ್ನು ಕೆಡಿಸಿದವರಾರೆಂದು ಅವಳು ವಿಚಾರಣೆ ನಡೆಸುವುದಿಲ್ಲ. ತೋಟದಲ್ಲಿ ಕೆಲಸ ಮಾಡುತ್ತಲೇ ಅವನು ಮದುವೆಯ ಮಾತೆತ್ತುತ್ತಾನೆ. ಮುಂದೆ ಅವನ ಮಗಳು ಅಪಘಾತದಲ್ಲಿ ತೀರಿಕೊಂಡಾಗಲೂ ಚಿತ್ರ ಯಾರತ್ತಲೂ ಬೆರಳು ತೋರುವುದಿಲ್ಲ. ರಾಬರ್ಟ್ ಡುವಾಲ್ ತಾನೇ ಹಾಡಿ, ನಟಿಸಿ, ಆಸ್ಕರ್ ಪಡೆದ ಪಾತ್ರವಿದು. ಕೊನೆಯ ದೃಶ್ಯದಲ್ಲಿ ಅವನು ಅವಳ ಮಗನೊಡನೆ ಚೆಂಡಾಡುತ್ತಿರುತ್ತಾನೆ; ರೋಸಾ ಲೀ ಬಾಗಿಲ ಬಳಿ ನಿಂತು ಇಬ್ಬರನ್ನೂ ಸುಮ್ಮನೆ ನೋಡುತ್ತಾಳೆ.